ಪ್ರವೇಶದ ದಿನವೇ ಹೇಳಿಬಿಡಿ: ಅಪರಾಧಶಾಸ್ತ್ರ ವಿಭಾಗಗಳಿಗೊಂದು ಬಹಿರಂಗ ಪತ್ರ

ಅಪರಾಧಶಾಸ್ತ್ರ ಹಾಗೂ ಅಪರಾಧ ನ್ಯಾಯ ಅಧ್ಯಯನ ವಿಭಾಗಗಳ ಮುಖ್ಯಸ್ಥರಿಗೆ ಮತ್ತು ಅವುಗಳ ಪಠ್ಯಕ್ರಮ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಿಮ್ಮಂಥದ್ದೇ ಒಂದು ವಿಭಾಗದಲ್ಲಿ ಓದಿ, ಜೈಲಿನ ಬದಲು ಷರತ್ತಿನ ಮೇಲೆ ಹೊರಗಿರುವ ತಪ್ಪಿತಸ್ಥರ ಮೇಲ್ವಿಚಾರಣೆ ಮಾಡುವ ಪ್ರೊಬೇಷನ್ ಅಧಿಕಾರಿಯಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಈಗ ಅದೇ ಹುದ್ದೆಗೆ ಹೊಸಬರನ್ನು ಆರಿಸುವ ಸಂದರ್ಶನ ಸಮಿತಿಯಲ್ಲಿ ಕೂರುತ್ತಿರುವವನು ನಾನು. ಎದುರಿಗೆ ಬಂದು ಕೂರುವ ಪ್ರತಿಯೊಬ್ಬ ಪದವೀಧರರಿಗೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಈ ವಿಷಯಕ್ಕೆ ಸೇರಿದ ದಿನ ಮುಂದೆ ಏನಾಗಬೇಕೆಂದುಕೊಂಡಿದ್ದಿರಿ? ಹೆಚ್ಚಿನವರ ಉತ್ತರ ಎರಡರಲ್ಲಿ ಒಂದು. ಪತ್ತೇದಾರನಾಗಬೇಕೆಂದಿದ್ದೆ ಎನ್ನುತ್ತಾರೆ, ಇಲ್ಲವೇ ಕೊಲೆ ನಡೆದ ಜಾಗದಲ್ಲಿ ಬಿಳಿ ಕವಚ ತೊಟ್ಟು ರಕ್ತದ ಕಲೆ ಸಂಗ್ರಹಿಸುವ ತಜ್ಞರಾಗಬೇಕೆಂದಿದ್ದೆ ಎನ್ನುತ್ತಾರೆ. ಪ್ರೊಬೇಷನ್ ಅಧಿಕಾರಿಯಾಗಲೆಂದೇ ಸೇರಿದೆ ಎಂದವರು ಇಷ್ಟು ವರ್ಷಗಳಲ್ಲಿ ಇಬ್ಬರೋ ಮೂವರೋ ಸಿಕ್ಕಿರಬೇಕು. ಅವರಲ್ಲೊಬ್ಬಳ ತಾಯಿ ಇದೇ ಕೆಲಸದಲ್ಲಿದ್ದವರು.

ಹಂಬಲಿಸಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬುದು ಎಲ್ಲ ಪದವಿಗಳಲ್ಲೂ ಇರುವ ಮಾತೇ, ಒಪ್ಪುತ್ತೇನೆ. ಆದರೆ ನಿಮ್ಮ ವಿಭಾಗಗಳ ವಿಷಯದಲ್ಲಿ ಈ ಅಂತರವನ್ನು ನೀವೇ ಬೆಳೆಸುತ್ತಿದ್ದೀರಿ ಎಂಬುದು ನನ್ನ ದೂರು. ಪ್ರವೇಶ ಪ್ರಕಟಣೆಯ ಮುಖಪುಟದಲ್ಲಿ ಬೆರಳಚ್ಚಿನ ಮೇಲೆ ಹಿಡಿದ ಭೂತಗನ್ನಡಿಯ ಚಿತ್ರವಿರುತ್ತದೆ, ಹಿಂಬದಿಯಲ್ಲಿ ‘ವಿಪುಲ ಉದ್ಯೋಗಾವಕಾಶ’ ಎಂಬ ಸಾಲಿನ ಕೆಳಗೆ ಇಪ್ಪತ್ತು ಹುದ್ದೆಗಳ ಹೆಸರಿರುತ್ತದೆ. ಆ ಇಪ್ಪತ್ತರಲ್ಲಿ ಯಾವುದಕ್ಕೆ ನಿಮ್ಮ ಪದವಿಯೊಂದೇ ಸಾಕು, ಯಾವುದಕ್ಕೆ ಬೇರೆ ಪದವಿಯೇ ಬೇಕು, ಯಾವುದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ ಎಂಬ ವಿವರ ಮಾತ್ರ ಎಲ್ಲೂ ಇರುವುದಿಲ್ಲ.

ಮೊದಲಿಗೆ ಪ್ರಯೋಗಾಲಯದ ಮಾತು. ಅಪರಾಧ ಏಕೆ ನಡೆಯುತ್ತದೆ, ಅದಕ್ಕೆ ಸಮಾಜ ಹೇಗೆ ಪ್ರತಿಕ್ರಿಯಿಸುತ್ತದೆ, ಆ ಪ್ರತಿಕ್ರಿಯೆಯಿಂದ ಏನಾಗುತ್ತದೆ ಎಂದು ಕೇಳುವುದು ಅಪರಾಧಶಾಸ್ತ್ರ. ಈ ಕಲೆ ರಕ್ತದ್ದೋ, ಈ ಪುಡಿ ಯಾವ ರಾಸಾಯನಿಕದ್ದೋ ಎಂದು ಕೇಳುವುದು ವಿಧಿವಿಜ್ಞಾನ. ಮೊದಲನೆಯದರ ಬೇರು ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನುಗಳಲ್ಲಿದೆ. ಎರಡನೆಯದರ ಬೇರು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳಲ್ಲಿ. 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ನ್ಯಾಯಾಲಯ ಕಟ್ಟಡದ ಅಟ್ಟದ ಮೇಲಿನ ಎರಡು ಕೋಣೆಗಳಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ ಕೂಡ ವೈದ್ಯಶಾಸ್ತ್ರ ಮತ್ತು ಕಾನೂನು ಎರಡನ್ನೂ ಓದಿಯೇ ಅಲ್ಲಿಗೆ ಹೋದವರು. ಇಂದು ಡಿಎನ್‌ಎ ಪರೀಕ್ಷಕರ ಹುದ್ದೆಗೆ ಅರ್ಜಿ ಕರೆಯುವವರು ಜೀವರಸಾಯನಶಾಸ್ತ್ರ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಓದಿದ್ದಕ್ಕೆ ಅಂಕಪಟ್ಟಿ ಕೇಳುತ್ತಾರೆ. ಒಮ್ಮೆ ನಮ್ಮ ಸಂದರ್ಶನಕ್ಕೆ ಬಂದಿದ್ದ ಹುಡುಗಿಯೊಬ್ಬಳು ತನ್ನ ತರಗತಿಗೆ ಮೊದಲಿಗಳು. ಪ್ರಯೋಗಾಲಯವೊಂದಕ್ಕೆ ಅರ್ಜಿ ಹಾಕಿ, ವಿಜ್ಞಾನ ವಿಷಯಗಳಿಲ್ಲವೆಂಬ ಕಾರಣಕ್ಕೆ ಮೊದಲ ಹಂತದಲ್ಲೇ ಹೊರಬಿದ್ದು, ಆ ಮೇಲೆ ನಮ್ಮ ಕಡೆ ಬಂದಿದ್ದಳು. ‘ಇದನ್ನು ಮೊದಲ ವರ್ಷದಲ್ಲೇ ಯಾರಾದರೂ ಹೇಳಿದ್ದರೆ ವಿಷಯ ಬದಲಿಸುತ್ತಿದ್ದೆ ಸರ್’ ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು.

ಪೊಲೀಸ್ ಕೆಲಸದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಅಲ್ಲಿಗೆ ಹೋಗುವ ದಾರಿ ಬಹುತೇಕ ಕಡೆ ಎಲ್ಲರಿಗೂ ಒಂದೇ: ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ಹಿನ್ನೆಲೆ ವಿಚಾರಣೆ, ತರಬೇತಿ. ಪತ್ತೇದಾರನ ಮೇಜಿಗೆ ತಲುಪುವ ಮುನ್ನ ಸಮವಸ್ತ್ರದಲ್ಲಿ ವರ್ಷಗಟ್ಟಲೆ ಗಸ್ತು ತಿರುಗಿರಬೇಕು. ನಿಮ್ಮ ಪದವಿ ಅಲ್ಲಿ ನೆರವಿಗೆ ಬರುತ್ತದೆ, ಬಾಗಿಲನ್ನಂತೂ ತೆರೆಯುವುದಿಲ್ಲ. ಹಾಗೆ ನೋಡಿದರೆ ಪೊಲೀಸರನ್ನು ತಯಾರು ಮಾಡುವುದೋ, ಪೊಲೀಸ್ ವ್ಯವಸ್ಥೆಯನ್ನೇ ಅಧ್ಯಯನಕ್ಕೆ ಒಡ್ಡುವುದೋ ಎಂಬ ಎಳೆದಾಟ ನಿಮ್ಮ ವಿಷಯದ ಹುಟ್ಟಿನಿಂದಲೂ ಇದೆ. ಅಮೆರಿಕದ ಬರ್ಕ್ಲಿಯಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ ಆಗಸ್ಟ್ ವೋಲ್ಮರ್ ತಮ್ಮ ಸಿಬ್ಬಂದಿಗಾಗಿ 1908ರಲ್ಲಿ ಶಾಲೆ ತೆರೆದರು, 1916ರ ಹೊತ್ತಿಗೆ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ತರಗತಿಗಳನ್ನು ಆರಂಭಿಸಿದರು. ಅದೇ ಮುಂದೆ 1950ರಲ್ಲಿ ಪೂರ್ಣ ಪ್ರಮಾಣದ ಅಪರಾಧಶಾಸ್ತ್ರ ಶಾಲೆಯಾಗಿ, ಪೊಲೀಸರನ್ನೇ ಪ್ರಶ್ನಿಸುವ ಅಧ್ಯಾಪಕರ ನೆಲೆಯೂ ಆಗಿ, 1976ರಲ್ಲಿ ಮುಚ್ಚಿಹೋಯಿತು. ಈ ಎಳೆದಾಟ ನಿಮ್ಮೊಳಗೆ ಇನ್ನೂ ಮುಗಿದಿಲ್ಲ, ಮುಗಿಯಬೇಕೆಂಬ ಒತ್ತಾಯವೂ ನನಗಿಲ್ಲ. ನಿಮ್ಮ ವಿಭಾಗ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಶುಲ್ಕ ಕಟ್ಟುವ ವಿದ್ಯಾರ್ಥಿಗೆ ಮೊದಲೇ ತಿಳಿಸಿ, ಅಷ್ಟು ಸಾಕು.

ಹಾಗಾದರೆ ಈ ಪದವಿಯನ್ನು ನಿಜವಾಗಿಯೂ ದುಡಿಸಿಕೊಳ್ಳುವ ಕೆಲಸಗಳು ಯಾವುವು? ನನಗೆ ಗೊತ್ತಿರುವುದರಿಂದಲೇ ಶುರುಮಾಡುತ್ತೇನೆ. ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸದೆ, ಷರತ್ತುಗಳಿಗೆ ಒಳಪಡಿಸಿ, ಒಬ್ಬರ ಮೇಲ್ವಿಚಾರಣೆಯಲ್ಲಿ ಸಮಾಜದೊಳಗೇ ಇರಗೊಡುವುದು ಪ್ರೊಬೇಷನ್. ಇದನ್ನು ಶುರುಮಾಡಿದವನು ವಕೀಲನೂ ಅಲ್ಲ, ಅಧಿಕಾರಿಯೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬೋಸ್ಟನ್ ನಗರದ ಜಾನ್ ಅಗಸ್ಟಸ್ ಎಂಬ ಚಮ್ಮಾರ. 1841ರಲ್ಲಿ ಕುಡಿತದ ಆರೋಪದ ಮೇಲೆ ಕಟಕಟೆಯಲ್ಲಿ ನಿಂತಿದ್ದ ಒಬ್ಬನಿಗೆ ಆತ ತಾನಾಗಿ ಜಾಮೀನು ನಿಂತು, ಕೆಲವು ವಾರಗಳ ಬಳಿಕ ಅವನನ್ನು ಗುರುತೇ ಸಿಗದಷ್ಟು ಬದಲಾದ ಸ್ಥಿತಿಯಲ್ಲಿ ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. 1859ರಲ್ಲಿ ಸಾಯುವವರೆಗೆ ಹೆಚ್ಚುಕಡಿಮೆ ಎರಡು ಸಾವಿರ ಮಂದಿಗೆ ಹೀಗೆ ಜಾಮೀನಾದ. ಅದೇ ರಾಜ್ಯದಲ್ಲಿ 1878ರಲ್ಲಿ, ಇಂಗ್ಲೆಂಡಿನಲ್ಲಿ 1907ರಲ್ಲಿ ಪ್ರೊಬೇಷನ್ ಕಾನೂನು ಬಂದವು. ಅಗಸ್ಟಸ್ ಯಾರಿಗೆ ಬೇಕಾದರೂ ಜಾಮೀನು ನಿಲ್ಲುತ್ತಿರಲಿಲ್ಲ. ಆ ಮನುಷ್ಯನ ನಡತೆ, ವಯಸ್ಸು, ಅವನು ಹಿಂದಿರುಗಿ ಹೋಗಬೇಕಾದ ವಾತಾವರಣ ಎಲ್ಲವನ್ನೂ ವಿಚಾರಿಸಿ, ಬರೆದಿಟ್ಟುಕೊಂಡು, ಆ ಮೇಲೆ ಮುಂದೆ ಬರುತ್ತಿದ್ದ. ಇಂದಿಗೂ ನಮ್ಮ ಕೆಲಸದ ತಿರುಳು ಆ ವಿಚಾರಣೆ ಮತ್ತು ಆ ಬರವಣಿಗೆಯೇ.

ಶಿಕ್ಷೆ ವಿಧಿಸುವ ಮುನ್ನ ನ್ಯಾಯಾಧೀಶರು ಓದುವ ವರದಿಯೊಂದಿದೆ. ಆರೋಪ ಸಾಬೀತಾದವನ ಮನೆ, ಓದು, ದುಡಿಮೆ, ಚಟ, ಹಿಂದಿನ ಪ್ರಕರಣಗಳು, ಸಂತ್ರಸ್ತರಿಗೆ ಆದ ಹಾನಿ, ಇವನನ್ನು ಹೊರಗೆ ಬಿಟ್ಟರೆ ಆಗಬಹುದಾದದ್ದು, ಇವೆಲ್ಲ ಕೆಲವೇ ಪುಟಗಳಲ್ಲಿ ಬರಬೇಕು. ಸಂದರ್ಶನಕ್ಕೆ ಬಂದವರಿಗೆ ನಾವು ಒಂದು ಸಣ್ಣ ಪರೀಕ್ಷೆ ಕೊಡುತ್ತೇವೆ. ಅಧಿಕಾರಿಯೊಬ್ಬರು ಮನೆ ಭೇಟಿಗೆ ಹೋದ ಪ್ರಸಂಗವನ್ನು ನಾವೇ ಓದಿ ಹೇಳಿ, ಅದನ್ನು ಐದು ಸಾಲಿನಲ್ಲಿ ದಾಖಲಿಸಿ ಎನ್ನುತ್ತೇವೆ. ಪ್ರಸಂಗ ಇಷ್ಟೇ: ಅಧಿಕಾರಿ ನಿಗದಿತ ಸಮಯಕ್ಕೆ ಹೋಗಿ ಎರಡು ಸಲ ಬಾಗಿಲು ತಟ್ಟಿದರು, ಒಳಗೆ ಟಿವಿ ಸದ್ದಿತ್ತು, ಯಾರೂ ಬಾಗಿಲು ತೆರೆಯಲಿಲ್ಲ, ಹತ್ತು ನಿಮಿಷ ಕಾದು ಹಿಂದಿರುಗಿದರು. ಪರೀಕ್ಷೆ ಬರೆದವರಲ್ಲಿ ಮುಕ್ಕಾಲು ಪಾಲು ಜನ ಬರೆಯುವುದು ಹೀಗೆ: ‘ಸದರಿ ವ್ಯಕ್ತಿಯು ಮನೆಯಲ್ಲಿದ್ದುಕೊಂಡೇ ಅಧಿಕಾರಿಗೆ ಅಸಹಕಾರ ತೋರಿರುತ್ತಾನೆ.’ ಅವನು ಮನೆಯಲ್ಲಿದ್ದನೆಂದು ಹೇಳಿದವರು ಯಾರು? ಟಿವಿ ಹಾಕಿಟ್ಟು ಅಜ್ಜಿ ನಿದ್ದೆ ಹೋಗಿರಬಹುದು, ಅವನು ಕೆಲಸದಿಂದ ಇನ್ನೂ ಬಂದಿರದಿರಬಹುದು. ಆದರೆ ‘ಅಸಹಕಾರ’ ಎಂಬ ಆ ಒಂದು ಪದ ಕಡತದಲ್ಲಿ ಕೂತುಬಿಟ್ಟರೆ, ಮುಂದಿನ ಅಧಿಕಾರಿ ಅದನ್ನೇ ನಕಲು ಮಾಡುತ್ತಾರೆ, ಮೂರನೆಯ ವರದಿಯ ಹೊತ್ತಿಗೆ ಅದು ಅವನ ಸ್ವಭಾವವೇ ಆಗಿಬಿಟ್ಟಿರುತ್ತದೆ, ಒಂದು ದಿನ ಅದೇ ಪದದ ಬಲದಿಂದ ಅವನ ಪ್ರೊಬೇಷನ್ ರದ್ದಾಗುತ್ತದೆ. ಹಣೆಪಟ್ಟಿ ಹಚ್ಚುವುದರಿಂದ ಏನಾಗುತ್ತದೆಂಬ ಸಿದ್ಧಾಂತವನ್ನು ನೀವು ಎರಡನೆಯ ವರ್ಷದಲ್ಲಿ ಪಾಠ ಮಾಡುತ್ತೀರಿ. ಪರೀಕ್ಷೆಯಲ್ಲಿ ಅದರ ಮೇಲೆ ಹತ್ತು ಅಂಕದ ಉತ್ತರ ಬರೆದವರೇ ನಮ್ಮ ಐದು ಸಾಲಿನಲ್ಲಿ ಹಣೆಪಟ್ಟಿ ಹಚ್ಚಿ ಹೋಗುತ್ತಾರೆ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬಿಡಿಸಿ ಬರೆಯುವುದನ್ನು ಅವರಿಗೆ ಯಾರೂ ಕೂರಿಸಿ ಕಲಿಸಿಲ್ಲ.

ಇಂಥ ವರದಿಯ ಒಂದು ಸಲಹೆಯಿಂದ ಎಷ್ಟಾಗಬಹುದು ಎಂಬುದಕ್ಕೆ 1974ರ ಉದಾಹರಣೆಯಿದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಯುವಕರು ಒಂದೇ ರಾತ್ರಿ 22 ಮನೆ, ಅಂಗಡಿ, ವಾಹನಗಳಿಗೆ ಹಾನಿ ಮಾಡಿದ್ದರು. ಪ್ರೊಬೇಷನ್ ಅಧಿಕಾರಿ ತಮ್ಮ ವರದಿಯಲ್ಲಿ, ಈ ಹುಡುಗರು ಸಂತ್ರಸ್ತರನ್ನು ಎದುರಾಬದುರು ಭೇಟಿಯಾದರೆ ಒಳ್ಳೆಯದೆಂದು ಸೂಚಿಸಿದರು. ಮೊದಲು ಹಿಂಜರಿದ ನ್ಯಾಯಾಧೀಶರು ಆ ಮೇಲೆ ಒಪ್ಪಿದರು. ಹುಡುಗರು ಒಂದೊಂದೇ ಮನೆಯ ಬಾಗಿಲಿಗೆ ಹೋಗಿ, ತಪ್ಪೊಪ್ಪಿಕೊಂಡು, ನಷ್ಟ ತುಂಬಿಕೊಡುವ ಮಾತಾಡಿದರು. ತಪ್ಪು ಮಾಡಿದವರನ್ನೂ ಸಂತ್ರಸ್ತರನ್ನೂ ಕೂರಿಸಿ ಮಾತಾಡಿಸುವ ಇಂದಿನ ಕಾರ್ಯಕ್ರಮಗಳು ತಮ್ಮ ಮೂಲವನ್ನು ಹೇಳಿಕೊಳ್ಳುವಾಗ ಈ ಪ್ರಕರಣದತ್ತಲೇ ಬೆರಳು ತೋರಿಸುತ್ತವೆ. ಹೀಗೆ ಮಧ್ಯಸ್ಥಿಕೆ ನಡೆಸುವುದೇ ಈಗ ಹಲವರಿಗೆ ಪೂರ್ಣಾವಧಿ ಉದ್ಯೋಗ.

ಸಂತ್ರಸ್ತರ ಪರವಾಗಿ ದುಡಿಯುವವರ ಬಳಗವೂ ಬೆಳೆಯುತ್ತಿದೆ. ಸಂತ್ರಸ್ತರಿಗೆ ಗೌರವ, ಮಾಹಿತಿ, ಪರಿಹಾರ, ನೆರವು ಸಿಗಬೇಕೆಂದು ವಿಶ್ವಸಂಸ್ಥೆ 1985ರಲ್ಲೇ ಘೋಷಣೆ ಹೊರಡಿಸಿತ್ತು. ವಿಚಾರಣೆಯ ದಿನಾಂಕ ಮುಂದೆ ಹೋಗಿದೆಯೆಂದು ಫೋನ್ ಮಾಡಿ ತಿಳಿಸುವುದು, ನ್ಯಾಯಾಲಯದ ಕಾರಿಡಾರಿನಲ್ಲಿ ಆರೋಪಿಯ ಕಡೆಯವರು ಎದುರಾಗದಂತೆ ಬೇರೆ ಕೋಣೆಯಲ್ಲಿ ಕೂರಿಸುವುದು, ಪರಿಹಾರದ ಅರ್ಜಿ ತುಂಬಿಸುವುದು, ಇವೆಲ್ಲ ಕೇಳಲು ಸಣ್ಣ ಕೆಲಸಗಳೆನಿಸುತ್ತವೆ. ಆದರೆ ಇವು ನಡೆಯದ ಕಡೆ ಸಾಕ್ಷಿ ಹೇಳಲು ಬರಬೇಕಾದವರು ಬರುವುದನ್ನೇ ಬಿಟ್ಟುಬಿಡುತ್ತಾರೆ.

ಜೈಲುಗಳ ವಿಷಯಕ್ಕೆ ಬಂದರೆ, ನಿಮ್ಮ ವಿದ್ಯಾರ್ಥಿಗಳು ಅಲ್ಲಿನ ಕೆಲಸವೆಂದರೆ ಬೀಗದ ಕೈ ಗೊಂಚಲು ಹಿಡಿದು ಓಡಾಡುವುದು ಎಂದೇ ತಿಳಿದಿರುತ್ತಾರೆ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳು ಒಟ್ಟು 122. ಅವುಗಳಲ್ಲಿ 78ನೆಯದು, ಜೈಲಿನ ಸಿಬ್ಬಂದಿಯಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ಶಿಕ್ಷಕರು, ಕಸುಬು ಕಲಿಸುವವರು ಸಾಕಷ್ಟು ಸಂಖ್ಯೆಯಲ್ಲಿರಬೇಕೆನ್ನುತ್ತದೆ. ನಾರ್ವೆಯಲ್ಲಿ ಜೈಲು ಅಧಿಕಾರಿಯಾಗಲು ಎರಡು ವರ್ಷ ಸಂಬಳ ಸಹಿತ ಕಾಲೇಜು ಶಿಕ್ಷಣ ಪಡೆಯಬೇಕು. ಅಲ್ಲಿ ಓದುವ ವಿಷಯಗಳಲ್ಲಿ ಅಪರಾಧಶಾಸ್ತ್ರವೂ ಒಂದು. ಹೊಸದಾಗಿ ಒಳಬಂದವರನ್ನು ಯಾವ ವಿಭಾಗದಲ್ಲಿಡಬೇಕೆಂದು ನಿರ್ಧರಿಸುವುದು, ಬಿಡುಗಡೆಗೆ ಆರು ತಿಂಗಳ ಮುಂಚಿನಿಂದಲೇ ಗುರುತಿನ ಚೀಟಿ, ತಂಗುವ ಜಾಗ, ಕೆಲಸ ಇವಕ್ಕೆ ದಾರಿ ಮಾಡುವುದು, ಹೊರಬಂದ ಮೇಲೆ ಅವರ ಬೆನ್ನಿಗಿರುವುದು, ಇವು ಅಪರಾಧಶಾಸ್ತ್ರ ಓದಿದವರಿಗೆ ಹೇಳಿ ಮಾಡಿಸಿದ ಕೆಲಸಗಳು. ಎಲ್ಲ ಕಡೆಯೂ ಇಂಥ ಹುದ್ದೆಗಳು ಸಾಕಷ್ಟಿಲ್ಲ ಎಂಬುದೂ ನಿಜ. ಅದನ್ನೂ ಮುಚ್ಚಿಡದೆ ಹೇಳಿ.

ಇನ್ನೊಂದು ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಿಮ್ಮಲ್ಲಿ ಓದಿದವರು ಇದನ್ನು ಕಂಪ್ಯೂಟರ್ ಓದಿದವರಿಗೆ ಸುಮ್ಮನೆ ಬಿಟ್ಟುಕೊಡುತ್ತಿದ್ದಾರೆ. ಅದು ಅಪರಾಧ ವಿಶ್ಲೇಷಕರ ಕೆಲಸ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಅರ್ಧದಷ್ಟು ಕೇವಲ ಶೇ 3ರ ಆಸುಪಾಸಿನ ವಿಳಾಸಗಳಿಂದಲೇ ಬಂದಿದ್ದವೆಂದು 1989ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ತಿಳಿದು ಸಿಬ್ಬಂದಿಯನ್ನು ಕಳುಹಿಸುವ ಕ್ರಮಕ್ಕೆ ಅದರಿಂದ ಬಲ ಬಂತು. ಈಗ ಮನೆಗಳ್ಳತನದ ಒಂದು ದೂರನ್ನು ತೆಗೆದುಕೊಳ್ಳಿ. ಮನೆಯವರು ಬೆಳಿಗ್ಗೆ 8ಕ್ಕೆ ಬೀಗ ಹಾಕಿ ಹೋಗುತ್ತಾರೆ, ಸಂಜೆ 6ಕ್ಕೆ ಬಂದು ನೋಡಿದರೆ ಬೀಗ ಮುರಿದಿದೆ. ಕಳ್ಳತನವಾದದ್ದು ಎಷ್ಟು ಹೊತ್ತಿಗೆ? ಕಂಪ್ಯೂಟರಿನ ನಮೂನೆಯಲ್ಲಿ ಸಮಯಕ್ಕೆಂದು ಒಂದೇ ಕಾಲಂ ಇದ್ದರೆ ದಾಖಲಿಸುವವರು 6 ಎಂದೇ ಹಾಕುತ್ತಾರೆ. ಇಂಥ ನೂರು ದೂರು ಸೇರಿದರೆ ಸಂಜೆಗಳ್ಳರ ಹಾವಳಿ ಎಂಬ ನಕ್ಷೆ ಸಿದ್ಧವಾಗುತ್ತದೆ, ಗಸ್ತು ಸಂಜೆಗೆ ಹೋಗುತ್ತದೆ, ಕಳ್ಳರು ಎಂದಿನಂತೆ ಹಗಲಲ್ಲೇ ಬಂದು ಹೋಗುತ್ತಾರೆ. ಬಲ್ಲ ವಿಶ್ಲೇಷಕರು ಆ ಒಂದು ಕಳ್ಳತನವನ್ನು ಹತ್ತು ಗಂಟೆಗಳಿಗೂ ಹತ್ತನೇ ಒಂದರಂತೆ ಹಂಚಿ, ಎಲ್ಲ ದೂರುಗಳನ್ನೂ ಹಾಗೆಯೇ ಹಂಚಿ ಕೂಡಿಸುತ್ತಾರೆ; ಆಗ ನಿಜವಾದ ಉಬ್ಬು ಎಲ್ಲಿದೆಯೆಂಬುದು ಮಸುಕಾಗಿಯಾದರೂ ಕಾಣತೊಡಗುತ್ತದೆ. ಇನ್ನೊಂದು ತಮಾಷೆಯ ತೊಡಕೂ ಇದೆ. ವಿಳಾಸ ಗೊತ್ತಿಲ್ಲದ ದೂರುಗಳಿಗೆಲ್ಲ ಸಿಬ್ಬಂದಿ ಪೊಲೀಸ್ ಠಾಣೆಯ ವಿಳಾಸವನ್ನೇ ತುಂಬಿದರೆ, ನಕ್ಷೆಯಲ್ಲಿ ಊರಿನಲ್ಲೇ ಅತಿ ಹೆಚ್ಚು ಅಪರಾಧ ನಡೆಯುವ ಜಾಗ ಠಾಣೆಯೇ ಆಗಿಬಿಡುತ್ತದೆ.

ಕೋಡ್ ಬರೆಯಬಲ್ಲ ಯಾರಾದರೂ ನಕ್ಷೆ ಮಾಡಿಯಾರು. ಆ ಅಂಕಿಗಳು ಹುಟ್ಟಿದ್ದು ಹೇಗೆ, ದೂರು ಕೊಡದೆ ಉಳಿದವರು ಯಾರು, ಬಂಧನಗಳ ಸಂಖ್ಯೆ ಅಪರಾಧ ಎಲ್ಲಿ ನಡೆಯಿತೆಂಬುದರ ಜೊತೆಗೆ ಪೊಲೀಸರು ಎಲ್ಲಿ ನಿಂತಿದ್ದರೆಂಬುದನ್ನೂ ಹೇಳುತ್ತದಲ್ಲವೇ ಎಂದು ಕೇಳುವ ಅಭ್ಯಾಸ ಅಪರಾಧಶಾಸ್ತ್ರ ಓದಿದವರಿಗಿರುತ್ತದೆ, ಇರಬೇಕು. ದುರದೃಷ್ಟವೆಂದರೆ, ಆ ಪ್ರಶ್ನೆ ಕೇಳಬಲ್ಲವರಿಗೆ ಸ್ಪ್ರೆಡ್‌ಶೀಟಿನಲ್ಲಿ ಸರಾಸರಿ ತೆಗೆಯಲು ಬರುವುದಿಲ್ಲ. ಸಂಖ್ಯಾಶಾಸ್ತ್ರವನ್ನು ಐಚ್ಛಿಕ ವಿಷಯವಾಗಿಟ್ಟು, ಅದನ್ನು ತೆಗೆದುಕೊಳ್ಳದೆಯೇ ಪಾಸಾಗಲು ನೀವೇ ದಾರಿ ಮಾಡಿಕೊಟ್ಟಿದ್ದೀರಿ.

ಸಂಶೋಧನೆಗೆ ಹೋಗುವವರಿಗೂ ಇದೇ ಬೇಕು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972ರಿಂದ 73ರವರೆಗೆ 15 ಗಸ್ತು ವಲಯಗಳನ್ನು ಮೂರು ಗುಂಪು ಮಾಡಿ, ಒಂದರಲ್ಲಿ ವಾಹನ ಗಸ್ತನ್ನು ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋಗಿ, ಇನ್ನೊಂದರಲ್ಲಿ ಹೆಚ್ಚಿಸಿ, ಮತ್ತೊಂದರಲ್ಲಿ ಇದ್ದಂತೆಯೇ ಬಿಟ್ಟು ನೋಡಿದರು. ಅಪರಾಧದಲ್ಲಾಗಲೀ ಜನರ ಭಯದಲ್ಲಾಗಲೀ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೀಗೆ ಪರೀಕ್ಷೆಗೆ ಒಡ್ಡಿ ನೋಡುವವರಿಗೆ ಸರ್ಕಾರಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಮಾದಕದ್ರವ್ಯ ಮತ್ತು ಅಪರಾಧ ಕಚೇರಿಯಂಥ ಕಡೆಗಳಲ್ಲಿ ಕೆಲಸವಿದೆ. ಸ್ನಾತಕೋತ್ತರ ಪದವಿಯಿಲ್ಲದೆ ಅಲ್ಲಿಗೆ ಹೋಗುವುದು ಕಷ್ಟ.

ಖಾಸಗಿ ವಲಯವನ್ನು ನಿಮ್ಮ ವಿಭಾಗಗಳು ಕೊಂಚ ಕೀಳಾಗಿ ಕಾಣುತ್ತವೆಂಬುದು ನನ್ನ ಅನುಮಾನ. ಪ್ರತಿಷ್ಠಿತರು ತಮ್ಮ ವೃತ್ತಿಯಲ್ಲೇ ಎಸಗುವ ಅಪರಾಧಗಳಿಗೆ 1939ರಲ್ಲಿ ‘ಬಿಳಿ ಕಾಲರಿನ ಅಪರಾಧ’ ಎಂದು ಹೆಸರಿಟ್ಟ ಎಡ್ವಿನ್ ಸದರ್ಲೆಂಡ್ ನಿಮ್ಮ ವಿಷಯದ ದೊಡ್ಡ ಹೆಸರು. ಆ ಅಪರಾಧಗಳನ್ನು ದಿನವೂ ಎದುರಿಸುವ ಮೇಜು ಇಂದು ಬ್ಯಾಂಕು, ವಿಮಾ ಕಂಪನಿ, ಆನ್‌ಲೈನ್ ಪಾವತಿ ಸಂಸ್ಥೆಗಳಲ್ಲಿದೆ. ಅಕ್ರಮ ಹಣ ವರ್ಗಾವಣೆ ತಡೆಗೆ 1989ರಲ್ಲಿ ಅಂತರರಾಷ್ಟ್ರೀಯ ಕಾರ್ಯಪಡೆ ಹುಟ್ಟಿದ ಬಳಿಕ, ಶಂಕಾಸ್ಪದ ವಹಿವಾಟುಗಳನ್ನು ಗುರುತಿಸಿ ವರದಿ ಕಳುಹಿಸುವುದು ದೇಶದೇಶಗಳ ಬ್ಯಾಂಕುಗಳಿಗೆ ಕಡ್ಡಾಯವಾಯಿತು. ತಿಂಗಳಿಗೆ ಒಂದೇ ಸಂಬಳ ಜಮೆಯಾಗುತ್ತಿದ್ದ ಖಾತೆಗೆ ಇದ್ದಕ್ಕಿದ್ದಂತೆ ಹತ್ತು ಅಪರಿಚಿತ ಖಾತೆಗಳಿಂದ ಸಣ್ಣಸಣ್ಣ ಮೊತ್ತ ಬಂದು, ಅದೇ ದಿನ ಒಟ್ಟಾಗಿ ಬೇರೆಡೆ ಹೋದರೆ, ತಂತ್ರಾಂಶ ಗಂಟೆ ಬಾರಿಸುತ್ತದೆ. ಅದು ವಂಚಕನ ಖಾತೆಯೋ, ವಂಚಕರು ಪುಸಲಾಯಿಸಿ ಬಳಸಿಕೊಂಡ ಬಡ ವಿದ್ಯಾರ್ಥಿಯ ಖಾತೆಯೋ, ಅಥವಾ ಯಾರೋ ಗೆಳೆಯರಿಂದ ಪ್ರವಾಸಕ್ಕೆ ಹಣ ಕೂಡಿಸಿದ್ದೋ ಎಂದು ಮನುಷ್ಯರೇ ನೋಡಿ ಬರೆಯಬೇಕು. ಅಲ್ಲಿಯೂ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಅದೇ ಪಾಠ.

ಈಗ ನನ್ನ ಕೋರಿಕೆಗಳು. ಪ್ರವೇಶ ಪ್ರಕಟಣೆಯ ಭೂತಗನ್ನಡಿಯನ್ನು ತೆಗೆದುಹಾಕಿ, ಹಿಂದಿನ ಐದು ವರ್ಷಗಳಲ್ಲಿ ನಿಮ್ಮಲ್ಲಿ ಓದಿ ಹೊರಬಿದ್ದವರು ಯಾವ ಯಾವ ಕೆಲಸದಲ್ಲಿದ್ದಾರೆ, ಎಷ್ಟು ಮಂದಿಗೆ ಈ ಕ್ಷೇತ್ರದಲ್ಲಿ ಕೆಲಸವೇ ಸಿಗಲಿಲ್ಲ ಎಂಬುದನ್ನು, ಹೆಸರುಗಳಿಲ್ಲದೆ, ಆ ಜಾಗದಲ್ಲಿ ಅಚ್ಚು ಹಾಕಿಸಿ. ಆ ಲೆಕ್ಕ ನಿಮ್ಮಲ್ಲಿ ಇಲ್ಲವಾದರೆ ಅಪರಾಧದ ಅಂಕಿಅಂಶ ಕಲಿಸುವ ವಿಭಾಗಕ್ಕೆ ಅದು ಶೋಭೆಯಲ್ಲ. ಸಂಖ್ಯಾಶಾಸ್ತ್ರವನ್ನೂ ವರದಿ ಬರವಣಿಗೆಯನ್ನೂ ಕಡ್ಡಾಯ ಮಾಡಿ, ಬರವಣಿಗೆಯ ಪಾಠವನ್ನು ವೃತ್ತಿಯಲ್ಲಿರುವವರ ಕೈಯಲ್ಲಿ ಮಾಡಿಸಿ. ಕ್ಷೇತ್ರಕಾರ್ಯವೆಂದರೆ ಜೈಲಿಗೊಂದು ದಿನದ ಪ್ರವಾಸ, ಗೇಟಿನ ಮುಂದೊಂದು ಗುಂಪುಚಿತ್ರ ಎಂಬಂತಾಗಿದೆ. ಅದರ ಬದಲು ಒಂದು ಇಡೀ ಅವಧಿ ಒಬ್ಬ ಅಧಿಕಾರಿಯ ಜೊತೆ ಕಳುಹಿಸಿ, ಕಡತದ ಧೂಳನ್ನೂ ಕುಡಿಯಲಿ. ಈ ಕ್ಷೇತ್ರದ ಬಹುತೇಕ ಹುದ್ದೆಗಳಿಗೆ ಹಿನ್ನೆಲೆ ವಿಚಾರಣೆ ಇದೆಯೆಂದು, ಮಾದಕವಸ್ತು, ಸಾಲದ ಬಾಕಿ, ಸಾಮಾಜಿಕ ಜಾಲತಾಣದ ಹಳೆಯ ಮಾತುಗಳು ಕೂಡ ಅಲ್ಲಿ ಎದುರಾಗಬಹುದೆಂದು ಮೊದಲ ವರ್ಷದಲ್ಲೇ ತಿಳಿಸಿ. ದಿನವೂ ಇತರರ ಹಿಂಸೆಯ ಕಥೆ ಓದುವವರ ನಿದ್ದೆ ಕೆಡುತ್ತದೆ ಎಂಬುದನ್ನೂ ಯಾರಾದರೂ ಹೇಳಬೇಕು. ನನಗೆ ಯಾರೂ ಹೇಳಿರಲಿಲ್ಲ, ಎಂಟನೆಯ ವರ್ಷದಲ್ಲಿ ನಾಲ್ಕು ತಿಂಗಳು ರಜೆ ಹಾಕಿ ಮನೆಯಲ್ಲಿ ಕೂರಬೇಕಾಯಿತು.

ಮುಂದಿನ ಪ್ರವೇಶದ ದಿನ ನನಗೆ ಒಂದು ಗಂಟೆ ಕೊಡಿ. ಹೆಸರು, ವಿಳಾಸ ಅಳಿಸಿದ ಒಂದು ಹಳೆಯ ಕಡತವನ್ನು ಅದಕ್ಕೆಂದೇ ತೆಗೆದಿಟ್ಟಿದ್ದೇನೆ. ಹೊಸ ವಿದ್ಯಾರ್ಥಿಗಳು ಶುಲ್ಕ ಕಟ್ಟುವ ಮೊದಲು ಅದನ್ನು ಓದಲಿ, ಐದು ಸಾಲು ಬರೆಯಲಿ. ಬರೆದ ಮೇಲೂ ಸೇರುತ್ತೇನೆ ಎಂದವರನ್ನು ಸೇರಿಸಿಕೊಳ್ಳಿ.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿ,
ಒಬ್ಬ ಪ್ರೊಬೇಷನ್ ಅಧಿಕಾರಿ